ಕೆಳಗಿನ ಎರಡು ಗುಂಡಿ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಹನ್ನೊಂದೂವರೆ. ಇವತ್ತು ಮನೆಗೆ ಬಂದದ್ದು ಎರಡು. ಭತ್ಯೆ ಕಚೇರಿಯಿಂದ ಒಂದು ಕಾಗದ, ಅದರ ಬೆನ್ನಿಗೇ ಹೆಂಡತಿಯ ತಮ್ಮ. ಎರಡನ್ನೂ ನಾನು ಕರೆದಿರಲಿಲ್ಲ.

ಲಕೋಟೆಯನ್ನು ಹಲ್ಲಿನಿಂದ ಹರಿದೆ. ಅಂಗವಿಕಲ ಭತ್ಯೆಗೆ ಹಾಕಿದ್ದ ಅರ್ಜಿ ತಿರಸ್ಕಾರವಾಗಿದೆ. ಕೈಲಾಗದ ಒಂದೊಂದು ಕೆಲಸಕ್ಕೂ ಅಂಕ ಕೊಡುತ್ತಾರೆ. ಎಂಟು ಅಂಕ ಬೇಕಂತೆ, ನನಗೆ ಎರಡು ಬಂದಿದೆ. ಶಾಲೆಯಲ್ಲೂ ನಾನು ಇಷ್ಟು ಕಡಿಮೆ ತೆಗೆದವನಲ್ಲ. ಜೊತೆಗೆ, ನನ್ನನ್ನು ಪರೀಕ್ಷೆ ಮಾಡಿದ ಕಂದು ಕೋಟಿನವನ ವರದಿ, ನಾಲ್ಕು ಪುಟ. ಇದ್ದ ಹಾಗೇ ಇಳಿಸುತ್ತೇನೆ: "ಅರ್ಜಿದಾರರು ಏಳು ಗುಂಡಿಗಳ ಅಂಗಿಯನ್ನು ಕುತ್ತಿಗೆಯವರೆಗೆ ಅಚ್ಚುಕಟ್ಟಾಗಿ ಹಾಕಿಕೊಂಡಿದ್ದರು. ಬಟ್ಟೆಯನ್ನು ತಾವೇ ಹಾಕಿಕೊಳ್ಳುವುದಾಗಿ ತಿಳಿಸಿದರು. ಸಹಾಯ ಮಾಡುವವರು ಯಾರೂ ಇಲ್ಲ ಎಂದರು. ಬೆರಳುಗಳ ಚಲನೆ ತೃಪ್ತಿಕರ."

ಯಾರೂ ಇಲ್ಲ ಎಂದದ್ದು ನಿಜ. ಆಗ ಹೆಂಡತಿ ತೀರಿಹೋಗಿ ಐದು ವಾರ. ಇನ್ನೇನು ಹೇಳಬೇಕಿತ್ತು?

ಆ ಕಂದು ಕೋಟಿನ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಉದ್ದ. ಮೈಮೇಲಿರುವ ಅದನ್ನೇ ಗಮನಿಸದವನು ನನ್ನ ಬೆರಳು ಗಮನಿಸಿದನಂತೆ.

ಬಾಮೈದ ಕಾಗದ ಕಿತ್ತುಕೊಂಡು ಓದಿದ. ಅವನದು ಎರಡು ಕುರ್ಚಿಯ ಕ್ಷೌರದಂಗಡಿ. ಕೂದಲಿಗೆ ಕಾಸು, ಮಾತು ಪುಕ್ಕಟೆ.

"ಮೂವತ್ತು ದಿನದೊಳಗೆ ಮೇಲ್ಮನವಿ ಹಾಕ್ಬಹುದಂತೆ ಭಾವ. ಹಾಕಿ."

"ಹಾಕ್ತೀನಿ ಬಿಡು."

"ಹೆಂಗ್ ಹಾಕ್ತೀರಿ? ಲಕೋಟೆ ನೋಡಿದ್ರೆ ಇಲಿ ಕಡಿದಂಗಿದೆ."

ಅಂಗಡಿಯಲ್ಲಿ ಗಿರಾಕಿ ಕಾಯುತ್ತಿರಬಹುದು, ಹೋಗು ಎಂದೆ. ಹೋದ. ಬಾಗಿಲ ಚಿಲಕವನ್ನು ಮೊಣಕೈಯಿಂದ ಹಾಕಿದೆ.

ಭತ್ಯೆ ಬರದಿದ್ದರೆ ಈ ಎರಡು ಕೋಣೆ ಬಿಡಬೇಕು. ಬಿಟ್ಟರೆ ಇವನ ಮನೆಯೇ ಗತಿ. ಮೂರು ಹೊತ್ತು ಇವನ ಮಾತು, ಮೇಲೆ ಇವನ ಕರುಣೆ. ಕಿಟಕಿಯ ಹತ್ತಿರದ ಅವಳ ಹೊಲಿಗೆ ಯಂತ್ರಕ್ಕೆ ಅಲ್ಲಿ ಜಾಗವಿಲ್ಲ, ಅದನ್ನು ಅವನೇ ಹೇಳಿದ್ದಾನೆ.

ಮಾರ್ಚ್ 4, ಮಂಗಳವಾರ

ಮಧ್ಯಾಹ್ನ ಎರಡು. ಇದು ಹಳೆಯ ಅಳತೆ ಪುಸ್ತಕ. ಮುಂದಿನ ಪುಟಗಳಲ್ಲಿ ಗಿರಾಕಿಗಳ ಎದೆ, ಸೊಂಟ, ತೋಳು ಇವೆ. ಹಿಂದಿನ ಖಾಲಿ ಪುಟಗಳಲ್ಲಿ ನಾನು. ಪೆನ್ನಿಗೆ ಕೋಟಿನ ಭುಜದ ಪ್ಯಾಡು ಸುತ್ತಿ ದಾರ ಬಿಗಿದಿದೆ, ಮುಷ್ಟಿಯಲ್ಲಿ ಹಿಡಿದು ಬರೆಯಬಹುದು. ಒಂದು ಪುಟಕ್ಕೆ ಒಂದು ಗಂಟೆ. ಪ್ಯಾಡು ಸುತ್ತಿದವಳು ಅವಳೇ.

ಯಾರಿಗೂ ಹೇಳದ್ದನ್ನು ಪುಸ್ತಕಕ್ಕಾದರೂ ಹೇಳಬೇಕು. ಕಂದು ಕೋಟಿನವನು ನೋಡಿದ ಅಂಗಿಯ ಗುಂಡಿಗಳು ಸುಳ್ಳು.

ನಾನು ಮೂವತ್ತೊಂದು ವರ್ಷ ಒಂದೇ ಅಂಗಡಿಯಲ್ಲಿ ಕೋಟು ಕತ್ತರಿಸಿದವನು. ಅವಳು ಅದೇ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು. ಗುಂಡಿ ತೂರುವ ಆ ಸೀಳು ಅವಳ ಕೈಯಲ್ಲಿ ಬಂದಷ್ಟು ನೇರವಾಗಿ ಇನ್ನೊಬ್ಬರ ಕೈಯಲ್ಲಿ ಬಂದದ್ದನ್ನು ನಾನು ನೋಡಿಲ್ಲ. ನನಗೆ ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಒಂದೊಂದಾಗಿ ಎಲ್ಲ. ಕೀಲುಗಳ ಕಾಯಿಲೆ, ಬಂದದ್ದು ಹಿಂದಕ್ಕೆ ಹೋಗುವುದಿಲ್ಲ ಎಂದರು ಡಾಕ್ಟರು. ದಿನಾ ಬೆಳಿಗ್ಗೆ ಅವಳೇ ನನ್ನ ಅಂಗಿಯ ಗುಂಡಿ ಹಾಕುತ್ತಿದ್ದಳು. ಅದನ್ನು ಇಬ್ಬರೂ ಸಹಾಯ ಎಂದು ಕರೆದವರಲ್ಲ. ಅದು ಬೆಳಗಿನ ಒಂದು ಕೆಲಸ, ಹಾಲು ಕಾಯಿಸಿದ ಹಾಗೆ.

ಆಸ್ಪತ್ರೆಯವರು ಇನ್ನು ಮನೆಗೆ ಹೋಗಿ ಎಂದು ಅವಳನ್ನು ಕಳಿಸಿದ ಮೇಲೆ ಒಂದು ದಿನ ಮೂರು ಅಂಗಿ ತಂದು ಮುಂದಿಟ್ಟಳು. ಗುಂಡಿಗಳನ್ನು ಬಿಚ್ಚಿ ಕಾಜಾದ ಮೇಲೆಯೇ ಕೂರಿಸಿ ಹೊಲಿದುಬಿಟ್ಟಿದ್ದಳು. ಒಳಗಡೆ ಗುಂಡಿಗೊಂದರಂತೆ ಅಂಟುಪಟ್ಟಿ. ಅಂಗೈ ಒತ್ತಿದರೆ ಕಚ್ಚಿಕೊಳ್ಳುತ್ತದೆ, ಎಳೆದರೆ ಚರ್ರ್ ಎಂದು ಬಿಡುತ್ತದೆ. ಹೊರಗಿನಿಂದ ದರ್ಜಿ ನೋಡಿದರೂ ಗೊತ್ತಾಗುವುದಿಲ್ಲ.

"ಅಂಟುಪಟ್ಟಿ ಮಕ್ಕಳ ಬೂಟಿಗೆ ಹಾಕೋದು," ಎಂದೆ.

"ಮಗು ಅಂತಲೇ ಅಂದ್ಕೊಳ್ಳಿ."

"ಕೋಟು ಹೊಲಿಯೋನು ಅಂಟುಪಟ್ಟಿ ಹಾಕ್ಕೊಂಡು ತಿರುಗ್ತಾನೆ ಅಂತ ಯಾರಿಗೂ ಗೊತ್ತಾಗ್ಬಾರ್ದು."

"ನನ್ನ ಕೈಕೆಲಸ ಇಷ್ಟು ವರ್ಷ ಯಾರಿಗ್ರೀ ಗೊತ್ತಾಗಿದೆ?"

ಗೊತ್ತಾಗಲೇ ಇಲ್ಲ. ಅವಳ ಕೆಲಸ ಅಷ್ಟು ಚೆನ್ನಾಗಿದ್ದದ್ದಕ್ಕೆ ಬಟ್ಟೆಯ ಪ್ರಶ್ನೆಯಲ್ಲಿ ನನಗೆ ಸೊನ್ನೆ.

ಮಾರ್ಚ್ 11, ಮಂಗಳವಾರ

ಸಂಜೆ ನಾಲ್ಕು. ಬೆಳಗಿನಿಂದ ಮಧ್ಯಾಹ್ನದವರೆಗೂ ಭತ್ಯೆ ಕಚೇರಿಯ ಬೆಂಚು. ಗೋಡೆಯಲ್ಲಿ ನಗುವ ಜನರ ಚಿತ್ರ, ಕೆಳಗೆ "ನಾವು ನಿಮ್ಮೊಂದಿಗಿದ್ದೇವೆ." ಕಿಟಕಿಯಾಚೆ ಕುಳಿತವಳು ಮಾತ್ರ ಗಾಜಿನೊಂದಿಗಿದ್ದಳು. ಅವಳ ಸ್ವೆಟರಿಗೆ ಮೇಲಿನಿಂದ ಮೂರನೆಯ ಗುಂಡಿ ಇಲ್ಲ.

ಮೇಲ್ಮನವಿಯ ಫಾರಂ ಒಂಬತ್ತು ಪುಟ. ಮೊದಲ ಪುಟಕ್ಕೆ ಅಲ್ಲೇ ಸಹಿ ಹಾಕಿ ಕೊಟ್ಟೆ.

"ಸಹಿ ಚೌಕದೊಳಗೇ ಇರ್ಬೇಕು. ಇದು ಹೊರಗೆ ಬಂದಿದೆ."

"ಕೈ ಸರಿಯಿಲ್ಲ."

"ಅದು ಸರಿ, ಆದ್ರೆ ಚೌಕದ ಹೊರಗೆ ಬಂದ್ರೆ ಯಂತ್ರ ತಗೊಳ್ಳಲ್ಲ. ಬೇರೆ ಫಾರಂ ಕೊಡ್ತೀನಿ, ಮನೇಲಿ ನಿಧಾನವಾಗಿ ಬರ್ಕೊಂಡ್ ಬನ್ನಿ."

"ಕೈ ಸರಿಯಿಲ್ಲ ಅನ್ನೋದಕ್ಕೇ ಈ ಫಾರಂ ಅಮ್ಮಾ."

"ಮುಂದಿನವರು," ಎಂದಳು.

ಅಂಥ ಚೌಕದಲ್ಲಿ ಅವಳನ್ನೇ ಕೂರಿಸಿ ನಾಲ್ಕೂ ಕಡೆ ಹೊಲಿಗೆ ಹಾಕಬೇಕು. ಬರೆದುಬಿಟ್ಟೆ. ಅಳಿಸುವುದಿಲ್ಲ.

ಮಾರ್ಚ್ 12, ಬುಧವಾರ

ಕೈ ಇಲ್ಲ.

ಮಾರ್ಚ್ 19, ಬುಧವಾರ

ಮಧ್ಯಾಹ್ನ ಮೂರು. ಹಳೆಯ ಅಂಗಡಿಗೆ ಹೋಗಿದ್ದೆ. ಕೈ ಕೆಟ್ಟದ್ದರಿಂದ ಕೆಲಸ ಬಿಡಿಸಿದೆವು ಎಂದು ಯಜಮಾನ ಒಂದು ಸಾಲು ಬರೆದುಕೊಟ್ಟರೆ ಮೇಲ್ಮನವಿಗೆ ಬಲ ಬರುತ್ತದೆ. ಮಧ್ಯಾಹ್ನದ ಹೊತ್ತು, ಇಸ್ತ್ರಿಯ ಆವಿ, ಸೀಮೆಸುಣ್ಣದ ವಾಸನೆ. ನನ್ನ ಮೇಜಿನಲ್ಲಿ ಹೊಸಬನೊಬ್ಬ ನನ್ನ ಕತ್ತರಿ ಹಿಡಿದಿದ್ದ. ಬಟ್ಟೆಯ ನೂಲು ನೋಡದೆ ಹರಡಿದ್ದ. ಹೇಳಲಿಲ್ಲ. ಕೋಟು ಸೊಟ್ಟಗೆ ಬರಲಿ.

"ಬಿಡಿಸಿದೆವು ಅಂತ ಬರೆದ್ರೆ ನನಗೇ ಕುತ್ತು ಕಣಯ್ಯಾ," ಎಂದರು ಯಜಮಾನರು. "ನಮ್ಮಲ್ಲಿ ದುಡಿದು ಕೈ ಹೋಯ್ತು ಅಂತ ನೀನು ನಾಳೆ ಇನ್ನೊಂದು ಅರ್ಜಿ ಹಾಕಿದ್ರೆ?"

ಕೊಟ್ಟ ಕಾಗದದಲ್ಲಿ "ಸ್ವಇಚ್ಛೆಯಿಂದ ಬಿಟ್ಟಿರುತ್ತಾರೆ, ಇವರ ಕೆಲಸ ಸದಾ ಉತ್ತಮವಾಗಿತ್ತು" ಎಂದಿದೆ. ಅಲ್ಲೇ ಹರಿಯಬೇಕೆನಿಸಿತು. ಹರಿಯಲೂ ಬೆರಳು ಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನ್ನ ಕೈಗೆ ಕೆಸರಾಯಿತು, ಮೊಸರು ಯಾರ ಬಾಯಿಗೆ ಹೋಯಿತೆಂದು ಅವರ ಹೊಟ್ಟೆಯ ಅಳತೆ ನೋಡಿದರೆ ಸಾಕು. ಮೂವತ್ತೆಂಟಿತ್ತು, ಈಗ ನಲವತ್ತಾರು.

ಮಾರ್ಚ್ 27, ಗುರುವಾರ

ಬೆಳಿಗ್ಗೆ ಹತ್ತು. ನಿನ್ನೆಯದನ್ನು ನಿನ್ನೆಯೇ ಬರೆಯಲಾಗಲಿಲ್ಲ.

ಬಾಮೈದ ಮಧ್ಯಾಹ್ನವೇ ಬಂದು ಫಾರಂ ತುಂಬಲು ಕೂತ. ಇನ್ನು ಏಳೇ ದಿನ, ನಿಮ್ಮನ್ನು ನಂಬಿದರೆ ಕಚೇರಿಗೆ ಬೀಗ ಬೀಳುತ್ತದೆ ಎಂದ. ಅವನ ಅಕ್ಷರ ಕೂದಲು ಉದುರಿದ ಹಾಗೆ, ಆದರೂ ಚೌಕದೊಳಗೆ ನಿಲ್ಲುತ್ತದೆ.

"ಸ್ನಾನ ಮಾಡೋಕೆ ತೊಂದರೆ ಇದೆಯಾ?"

"ಆಗುತ್ತೆ."

"ಅಡುಗೆ? ಬಿಸಿ ಪಾತ್ರೆ ಇಳಿಸೋದು?"

"ಆಗುತ್ತೆ."

"ಮೊನ್ನೆ ಪಾತ್ರೆ ಕೈಜಾರಿ ಬಿದ್ದು ಕೆಳಗಿನ ಮನೆಯವರು ಮಾಳಿಗೆ ಕುಸಿಯಿತು ಅಂತ ಓಡಿ ಬಂದ್ರಲ್ಲ, ಅದೂ 'ಆಗುತ್ತೆ'ಯಾ? ಭಾವ, ಸುಳ್ಳು ಬರೆದ್ರೆ ಶಿಕ್ಷೆ ಅಂತ ಇಲ್ಲಿ ಅಚ್ಚು ಹಾಕಿದ್ದಾರೆ. ನಿಮ್ಮ ಸಲುವಾಗಿ ನಾನು ಜೈಲಿಗೆ ಹೋಗಲ್ಲ."

ನಾನು ಹೇಳಿದ್ದನ್ನು ಬಿಟ್ಟು ತನಗೆ ತೋಚಿದ್ದನ್ನು ಬರೆದ. ಎಂಟು ಪುಟ ಮುಗಿದ ಮೇಲೆ ಪೆನ್ನು ಇಟ್ಟು ನನ್ನ ಮುಖ ನೋಡಿದ. ಮೂರು ವಾರದ ಗಡ್ಡ. "ಫಾರಂಗೆ ಫೋಟೋ ಬೇಕು. ಈ ಮುಖ ನೋಡಿದ್ರೆ ಭತ್ಯೆ ಕೊಡಲ್ಲ, ಹಿಡ್ಕೊಂಡು ಹೋಗ್ತಾರೆ," ಎಂದು ಚೀಲದಿಂದ ಕತ್ತಿ, ಟವೆಲು ತೆಗೆದ. ಬೇಡ ಎಂದೆ. ಕ್ಷೌರದವರಿಗೆ ಬೇಡ ಎಂಬ ಮಾತು ಕೇಳಿಸುವುದಿಲ್ಲ. ನೊರೆ ಹಚ್ಚಿ ಒಂದು ಕಡೆ ಬೋಳಿಸಿದ. ಜಾರಿದ ಟವೆಲನ್ನು ಮತ್ತೆ ಸಿಕ್ಕಿಸಲು ಕುತ್ತಿಗೆಗೆ ಬೆರಳು ಹಾಕಿ ಮೇಲಿನ ಗುಂಡಿ ಎಳೆದ.

ಚರ್ರ್.

ಅವನ ಕೈ ಅಲ್ಲೇ ನಿಂತಿತು. ಇನ್ನೊಂದು ಎಳೆದ. ಚರ್ರ್. ಅಂಚು ಮಗುಚಿ ಹೊಲಿಗೆ ನೋಡಿದ. ಹೊಲಿಗೆ ಯಾರದೆಂದು ಅವನಿಗೂ ತಿಳಿಯುತ್ತದೆ, ಅವನ ಅಂಗಡಿಯ ಬಟ್ಟೆಗಳನ್ನೆಲ್ಲ ಹೊಲಿದುಕೊಟ್ಟವಳು ಅವಳೇ.

"ಇದನ್ನ ಯಾವಾಗ ಹೊಲಿದ್ಲು ಅಕ್ಕ?"

"ಆಸ್ಪತ್ರೆಯಿಂದ ಬಂದ್ಮೇಲೆ."

"ಎಷ್ಟು?"

"ಮೂರು."

ಅವನು ನಂಬಲಿಲ್ಲ. ಯಂತ್ರದ ಕೆಳಗಿನ ಟ್ರಂಕನ್ನು ಎಳೆದ. ಅವಳು ಹೋದ ಮೇಲೆ ನಾನದನ್ನು ಮುಟ್ಟಿರಲಿಲ್ಲ. ಒಳಗೆ ನನ್ನ ಅಂಗಿಗಳೆಲ್ಲ ಇದ್ದವು. ನೀಲಿ, ಬೂದು, ಗೆರೆಯದು, ಮದುವೆಯ ಮನೆಗಳಿಗೆ ಹಾಕುತ್ತಿದ್ದ ಕೆನೆ ಬಣ್ಣದ್ದು. ಒಂದೊಂದನ್ನೇ ಎತ್ತಿ ಎಳೆದ. ಚರ್ರ್, ಚರ್ರ್. ಮೂರರ ಜೊತೆ ಎಂಟು, ಹನ್ನೊಂದು. ಎಲ್ಲಕ್ಕೂ ಕೆಳಗೆ ಹನ್ನೆರಡನೆಯದು, ಬಿಳಿ. ಅದರಲ್ಲಿ ಮೇಲಿನ ಐದು ಆಗಿತ್ತು. ಕೆಳಗಿನ ಎರಡು ಮಾಮೂಲಿ ಗುಂಡಿ, ಮಾಮೂಲಿ ಕಾಜಾ. ಸೂಜಿ ಇನ್ನೂ ಬಟ್ಟೆಯಲ್ಲೇ ಚುಚ್ಚಿಕೊಂಡಿತ್ತು, ಒಂದು ಗೇಣು ದಾರ ಉಳಿದಿತ್ತು.

"ಅವಳಿಗೆ ಎದ್ದು ಕೂರೋಕೆ ಆಗ್ತಿರ್ಲಿಲ್ಲ. ಕೂರೋಕೆ ಆಗ್ದೋಳ ಹತ್ರ ಹನ್ನೆರಡು ಅಂಗಿ ಹೊಲಿಸ್ಕೊಂಡ್ರಾ?"

"ನಂಗೆ ಗೊತ್ತಿರ್ಲಿಲ್ಲ."

"ಪಕ್ಕದ ಕೋಣೇಲಿ ಇದ್ದೋರಿಗೆ ಗೊತ್ತಿರ್ಲಿಲ್ಲ! ಅವಳ ಜೀವ ತಿಂದ್ರಿ ನೀವು. ನಿಮ್ಮ ಕೈಗೆ ಬಂದ ರೋಗ ಅವಳನ್ನ ತಿಂತು."

ನನ್ನ ಮನೆಯಲ್ಲಿ ನಿಂತು ಹೇಳಿದ. ನಡಿ ಆಚೆ ಎಂದೆ. ಅರ್ಧ ಮುಖಕ್ಕೆ ನೊರೆ ಇತ್ತು, ಹಾಗೇ ಬಿಟ್ಟು ಹೋದ. ಬಾಗಿಲು ಬಡಿದ ರಭಸಕ್ಕೆ ಗಡಿಯಾರ ನಿಂತಿದೆ.

ಅಂಗಿಗಳನ್ನು ಮಡಚಲು ನನಗೆ ಸಂಜೆಯಾಯಿತು. ಮಡಿಕೆ ನೇರ ಬರಲಿಲ್ಲ.

ಮಾರ್ಚ್ 29, ಶನಿವಾರ

ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಒಂದು ಚೀಟಿ. ಮೇಲ್ಮನವಿ ತಲುಪಿದ್ದಕ್ಕೆ ಕಚೇರಿಯ ರಸೀದಿ. ಮೊನ್ನೆ ನೊರೆಯ ಗಲಾಟೆಯಲ್ಲೂ ಫಾರಂ ತೆಗೆದುಕೊಂಡು ಹೋಗಿದ್ದಾನೆ. ನನ್ನ ಸಹಿಯ ಜಾಗದಲ್ಲಿ, ಫೋಟೋದ ಜಾಗದಲ್ಲಿ ಏನು ಮಾಡಿದನೋ, ಕೇಳಲು ಅವನಿಲ್ಲ. ಬಾಗಿಲು ತಟ್ಟದೆ ಹೋಗಿದ್ದಾನೆ.

ಒಳ್ಳೆಯದಾಯಿತು.

ಏಪ್ರಿಲ್ 2, ಬುಧವಾರ

ಅವನು ಬಂದಿಲ್ಲ. ಮನೆ ಶಾಂತವಾಗಿದೆ. ಮುಖದ ಒಂದು ಕಡೆ ಗಡ್ಡ, ಒಂದು ಕಡೆ ಅರ್ಧ ಗಡ್ಡ. ಅಂಗಡಿಗೆ ಹೋದರೆ ಜನ ನೋಡುತ್ತಾರೆ. ನೋಡಲಿ.

ಏಪ್ರಿಲ್ 5, ಶನಿವಾರ

ಇವತ್ತೂ ಬಂದಿಲ್ಲ. ಮೂರು ಗಂಟೆಗೆ ಮೆಟ್ಟಿಲಲ್ಲಿ ಸದ್ದಾಯಿತು, ಮೇಲಿನ ಮನೆಯವರು. ಗಡಿಯಾರಕ್ಕೆ ಕೀಲಿ ಕೊಡಲು ನನ್ನಿಂದ ಸಾಧ್ಯವಿಲ್ಲ, ಈ ಮೂರು ಗಂಟೆ ರೇಡಿಯೋದಿಂದ ತಿಳಿದದ್ದು.

ಅವಳು ದಿನವಿಡೀ ಕಿಟಕಿಯ ಹತ್ತಿರ ದಿಂಬಿಗೆ ಒರಗಿ ಕೂತಿರುತ್ತಿದ್ದಳು. ನಾನು ಕೋಣೆಗೆ ಹೋದರೆ ಹೊದಿಕೆ ಎಳೆದುಕೊಳ್ಳುತ್ತಿದ್ದಳು. ಚಳಿ ಇರಬೇಕೆಂದು ಇನ್ನೊಂದು ಹೊದಿಕೆ ತಂದು ಹೊದಿಸುತ್ತಿದ್ದೆ. ಅದರ ಕೆಳಗೆ ಅಂಗಿ ಇರುತ್ತಿತ್ತು.

ಎರಡೆರಡು ಹೊದಿಕೆ ಹೊದಿಸಿದೆ.

ಏಪ್ರಿಲ್ 9, ಬುಧವಾರ

ಮಧ್ಯಾಹ್ನ ಒಂದು. ವಿಚಾರಣೆಯ ಕಾಗದ ಬಂತು. ಏಪ್ರಿಲ್ 22, ಮಂಗಳವಾರ, ಬೆಳಿಗ್ಗೆ ಹತ್ತೂವರೆ, ಮೂವರು ಸದಸ್ಯರ ಮುಂದೆ. ಜೊತೆಗೆ ಒಬ್ಬರನ್ನು ಕರೆತರಬಹುದು, ಅವರು ಮಾತನಾಡುವಂತಿಲ್ಲ.

ಕರೆತರಬಹುದಾದ ಒಬ್ಬನೇ ಒಬ್ಬನಿದ್ದಾನೆ. ಭೂಮಿಯ ಮೇಲೆ ಮಾತನಾಡದೆ ಇರಲಾಗದವನೂ ಅವನೊಬ್ಬನೇ.

ಅವನ ಅಂಗಡಿಯವರೆಗೆ ನಡೆದೆ. ಹೊರಗೆ ನಿಂತೆ. ಯಾರದೋ ತಲೆಗೆ ನೀರು ಚಿಮುಕಿಸುತ್ತಿದ್ದವನು ಕನ್ನಡಿಯಲ್ಲೇ ನನ್ನನ್ನು ನೋಡಿದ.

"ಆ ಅರ್ಧ ಮುಖ ಇಟ್ಕೊಂಡು ಊರೆಲ್ಲ ತಿರುಗಿ ನನ್ನ ಅಂಗಡಿ ಹೆಸರು ಕೆಡಿಸ್ತಿದೀರಾ ಭಾವ? ಬನ್ನಿ, ಕೂತ್ಕೊಳ್ಳಿ."

ಕೂತೆ. ಉಳಿದ ಅರ್ಧ ಮುಗಿಸಿದ. ಇಬ್ಬರೂ ಆ ದಿನದ ಮಾತೆತ್ತಲಿಲ್ಲ. ಕಾಗದ ಓದಿ ಹೇಳಿದ: "ಅಂಗಿ ವಿಷಯ ಹೇಳ್ಬೇಕು."

"ಹೇಳಲ್ಲ."

"ಅಕ್ಕನ ಮರ್ಯಾದೆ ಹೋಗುತ್ತಾ?"

"ನಂದು."

"ನಿಮ್ಮ ಮರ್ಯಾದೆ ತಿಂಗಳಿಗೆ ಬಾಡಿಗೆ ಕಟ್ಟುತ್ತಾ?"

ಕುರ್ಚಿಯಿಂದ ಎದ್ದು ಬಂದೆ. ಡಾಕ್ಟರ ಚೀಟಿಗಳಿವೆ, ಎಕ್ಸ್‌ರೇ ಇದೆ. ಸಾಕು. ಅವಳು ಗುಟ್ಟಾಗಿ ಹೊಲಿದದ್ದನ್ನು ಆ ಜನರ ಮೇಜಿನ ಮೇಲೆ ಹರಡಲು ಅದೇನು ಸಂತೆಯ ಸರಕೇ?

ಏಪ್ರಿಲ್ 21, ಸೋಮವಾರ

ಸಂಜೆ ಐದು. ನಾಳೆಗೆ ಬೂದು ಅಂಗಿ. ಬಿಳಿಯದನ್ನು ತೆಗೆದು ನೋಡಿ ಮತ್ತೆ ಇಟ್ಟೆ. ಬಿಳಿಯದು ಹಾಕಿಕೊಂಡರೆ ಕೆಳಗೆ ತೆರೆದಿರುತ್ತದೆ. ಹೊಟ್ಟೆ ಕಾಣಿಸಿಕೊಂಡು ಅವರ ಮುಂದೆ ಕೂರಲಾರೆ.

ಏಪ್ರಿಲ್ 22, ಮಂಗಳವಾರ

ಸಂಜೆ ನಾಲ್ಕು. ಕೈ ಉರಿಯುತ್ತಿದೆ, ಆದರೂ ಇವತ್ತಿನದನ್ನು ಇವತ್ತೇ ಬರೆಯಬೇಕು.

ಎರಡನೆಯ ಮಹಡಿ, ಉದ್ದ ಮೇಜು, ಆಚೆ ಮೂವರು. ನಡುವಿನವನ ಕಾಲರಿನಲ್ಲಿ ಅವನ ಕುತ್ತಿಗೆ ಬಾವಿಯಲ್ಲಿ ಕೊಡ ಇಳಿದ ಹಾಗಿತ್ತು. ಬಲಗಡೆ ಬೂದು ಕೋಟಿನ ಲೇಡಿ ಡಾಕ್ಟರು. ಎಡಗಡೆಯವನು ಬರೆಯುವುದು ಬಿಟ್ಟು ಬೇರೆ ಮಾಡಲಿಲ್ಲ. ಬಾಮೈದ ನನ್ನ ಬೆನ್ನ ಹಿಂದೆ. ಬಾಯಿ ತೆರೆದರೆ ಹೊರಗೆ ಕಳಿಸುತ್ತೇವೆ ಎಂದು ಮೊದಲೇ ಹೇಳಿದರು. ಮುಂದೆ ನೀರಿನ ಲೋಟ ಇಟ್ಟರು. ಎತ್ತಲು ಹೋಗಿ ಚೆಲ್ಲಿದರೆ ನಗುತ್ತಾರೆಂದು ಕುಡಿಯಲಿಲ್ಲ. ಗಂಟಲು ಒಣಗಿ ಮರವಾಯಿತು.

ನಡುವಿನವನು ಕಂದು ಕೋಟಿನವನ ವರದಿ ಓದಿದ. ಯಜಮಾನರ ಕಾಗದವನ್ನೂ ಓದಿದ, ಫಾರಂ ಜೊತೆ ಬಾಮೈದ ಅದನ್ನೂ ಸೇರಿಸಿ ಕೊಟ್ಟಿದ್ದನಂತೆ, ಬುದ್ಧಿಗೇಡಿ. "ಕೆಲಸ ಸದಾ ಉತ್ತಮವಾಗಿತ್ತು" ಎಂಬುದನ್ನು ಎರಡು ಸಲ ಓದಿದ. ಆಮೇಲೆ ನನ್ನ ಎದೆ ನೋಡಿದ.

"ಇವತ್ತೂ ಗುಂಡಿ ಅಂಗೀನೇ ಹಾಕ್ಕೊಂಡು ಬಂದಿದ್ದೀರಿ. ಕುತ್ತಿಗೆವರೆಗೂ. ಯಾರು ಹಾಕಿದ್ದು?"

"ನಾನೇ."

"ನೋಡಿ, ಇಷ್ಟು ನೇರವಾಗಿ, ಇಷ್ಟು ಒಪ್ಪವಾಗಿ ಗುಂಡಿ ಹಾಕೋ ಕೈ ಕೆಟ್ಟ ಕೈ ಅಂತ ನಾವು ಹೇಗೆ ಬರೆಯೋದು? ಕೈಯಲ್ಲಿ ಕಸುಬು ಇನ್ನೂ ಇದೆ ನಿಮಗೆ."

ಎಡಗಡೆಯವನು ಅದನ್ನು ಬರೆದುಕೊಂಡ. ಅವನ ಪೆನ್ನು ಓಡುತ್ತಿದ್ದದ್ದನ್ನು ನೋಡಿದೆ. ಅವಳು ಮಾಡಿದ ಕೆಲಸವನ್ನು ನನ್ನ ಹೆಸರಿಗೆ ಬರೆಯುತ್ತಿದ್ದ.

"ಅದು ನನ್ನ ಕೈಯಲ್ಲ," ಎಂದೆ. ದನಿ ಜೋರಾಯಿತು.

"ಅಂದ್ರೆ?"

ಮಣಿಕಟ್ಟನ್ನು ಅಂಗಿಯ ಸಂದಿಗೆ ತೂರಿಸಿ ಮೇಲಿನಿಂದ ಕೆಳಗೆ ಒಂದೇ ಎಳೆತ ಎಳೆದೆ. ಚರ್ರ್ ಎಂಬ ಸದ್ದು ಆ ಕೋಣೆಯಲ್ಲಿ ಬಟ್ಟೆಯನ್ನೇ ಹರಿದ ಹಾಗೆ ಕೇಳಿಸಿತು. ಬರೆಯುವವನು ಬೆಚ್ಚಿದ. ಒಳ ಅಂಗಿ ಕಾಣಿಸಿಕೊಂಡು ಕೂತೆ.

"ಗುಂಡಿ ಸುಳ್ಳು. ಕಾಜಾ ಮುಚ್ಚಿದೆ. ಇದು ನನ್ನ ಹೆಂಡತಿಯ ಕೆಲಸ. ಬರೆಯೋದಾದ್ರೆ ಅವಳ ಹೆಸರಿಗೆ ಬರೀರಿ."

ಡಾಕ್ಟರು ಎದ್ದು ಬಂದು ಅಂಚನ್ನು ಮಗುಚಿ ನೋಡಿದರು. ಮತ್ತೆ ಹಾಕಿ ತೋರಿಸಿ ಎಂದರು. ಅಂಗೈಯಿಂದ ಒತ್ತಿ ತೋರಿಸಿದೆ.

ನಡುವಿನವನಿಗೆ ಸಂತೋಷವಾಯಿತು. "ಹಾಗಾದ್ರೆ ಇದೊಂದು ಉಪಕರಣ. ಉಪಕರಣದ ನೆರವಿನಿಂದ ನೀವೇ ಬಟ್ಟೆ ಹಾಕ್ಕೋತೀರಿ. ಬೇರೆಯವರ ಸಹಾಯ ಬೇಕಿಲ್ಲ."

ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಿತು. ಮಾತು ಬರಲಿಲ್ಲ, ಕುರ್ಚಿ ಮಾತ್ರ.

"ಇಂಥ ಅಂಗಿ ಎಷ್ಟಿವೆ?" ಡಾಕ್ಟರು ಕೇಳಿದರು.

"ಹನ್ನೊಂದು. ಹನ್ನೆರಡನೇದು ಮುಗಿದಿಲ್ಲ."

"ಅವು ಹಳೇದಾದ್ಮೇಲೆ ಹೊಸದು ಯಾರು ಮಾಡ್ಕೊಡ್ತಾರೆ? ಅವರು ಬಂದು ಹೇಳ್ತಾರಾ ಇಲ್ಲಿ?"

"ಯಾರೂ ಇಲ್ಲ," ಎಂದೆ. ಜನವರಿಯಲ್ಲಿ ಹೋದಳು ಎಂದೂ ಹೇಳಿದೆ. ಅದನ್ನು ಫಾರಂನಲ್ಲಿ ಕೇಳಿರಲಿಲ್ಲ.

"ದರ್ಜಿ ಅಲ್ವಾ, ನೀವೇ ಹೊಲ್ಕೋಬಹುದು," ಎಂದ ನಡುವಿನವನು.

ಡಾಕ್ಟರು ಅವನ ಕಡೆ ತಿರುಗಲಿಲ್ಲ. ತಮ್ಮ ಬೂದು ಕೋಟು ಬಿಚ್ಚಿ, ಗುಂಡಿಗಳನ್ನೆಲ್ಲ ಹಾಕಿ, ಮೇಜಿನ ಮೇಲೆ ನನ್ನತ್ತ ತಳ್ಳಿದರು. "ಒಂದು ಗುಂಡಿ ತೆಗೀರಿ."

ಯಂತ್ರದ ಕಾಜಾ, ಅಂಚಿನ ದಾರ ಎದ್ದಿದೆ. ಇಂಥದ್ದನ್ನು ಅವಳಾದರೆ ವಾಪಸು ಕಳಿಸುತ್ತಿದ್ದಳು. ಅಂಗೈ ಅಂಚಿನಿಂದ ತಳ್ಳಿದೆ. ಎರಡೂ ಮಣಿಕಟ್ಟು ಸೇರಿಸಿ ಹಿಸುಕಿದೆ. ಗುಂಡಿ ಅರ್ಧ ಬಂದು ಮತ್ತೆ ಒಳಗೆ ಹೋಯಿತು. ಗೋಡೆಯ ಗಡಿಯಾರದಲ್ಲಿ ಆರು ನಿಮಿಷ. ಕೋಟುಗಳಿಗೇ ಮೂವತ್ತೊಂದು ವರ್ಷ ಕೊಟ್ಟವನು ಒಂದು ಕೋಟಿನ ಒಂದು ಗುಂಡಿಯ ಮೇಲೆ ಬೆವರು ಸುರಿಸುತ್ತಿದ್ದೆ, ಮೂವರು ನೋಡುತ್ತಿದ್ದರು.

"ಆಗಲ್ಲ," ಎಂದೆ.

ಆಮೇಲೆ ಡಾಕ್ಟರು ಒಂದೊಂದಾಗಿ ಕೇಳಿದರು. ಪಾತ್ರೆ ಇಳಿಸೋದು? ಆಗಲ್ಲ. ತರಕಾರಿ ಹೆಚ್ಚೋದು? ಆಗಲ್ಲ. ಮಾತ್ರೆಯ ಡಬ್ಬಿ? ಚಿಲಕ? ನಲ್ಲಿ? ಬೆನ್ನು ತೊಳೆಯೋದು? ಎಲ್ಲಕ್ಕೂ ಒಂದೇ ಉತ್ತರ. ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುತ್ತಾರೆ, ಇವತ್ತು ನನ್ನ ಕಲ್ಲು ನಾನೇ ಹೊಡೆದುಕೊಂಡೆ. ತೀರ್ಪು ಅಂಚೆಯಲ್ಲಿ ಬರುತ್ತದಂತೆ.

ಮೆಟ್ಟಿಲಲ್ಲಿ ಬಾಮೈದ ಕಟ್ಟಿದ್ದ ಬಾಯಿ ಬಿಟ್ಟ. "ಹದಿನಾಲ್ಕು ಸಲ ಆಗಲ್ಲ ಅಂದ್ರಿ ಭಾವ, ಎಣಿಸಿದೆ. ಮನೇಲಿ ಒಂದ್ಸಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ನಾನು ಇನ್ನೆರಡು ಮೆಟ್ಟಿಲು ಇಳಿದೆ.

"ನಾನು ಒಂದು ಗಂಟೆ ಹತ್ತು ನಿಮಿಷ ಬಾಯಿ ಮುಚ್ಕೊಂಡಿದ್ದೆ. ಅಕ್ಕ ಇದ್ದಿದ್ರೆ ನಂಬ್ತಿರ್ಲಿಲ್ಲ. ಡಾಕ್ಟರನ್ನ ಕರೀತಿದ್ಲು."

ನನಗೆ ಕೆಮ್ಮು ಬಂತು. ಅವನು ಅದನ್ನು ನಗು ಎಂದುಕೊಂಡ. ಬೀದಿ ಮೂಲೆಯ ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡು, ಮುಚ್ಚಳ ತಿರುಗಿಸಿ ತೆಗೆದು ನನ್ನ ಬಾಯಿಗೆ ಹಿಡಿದ. ಜನ ಓಡಾಡುತ್ತಿದ್ದರು. ಬಾಟಲಿ ಪೂರ್ತಿ ಕುಡಿದೆ.

ಏಪ್ರಿಲ್ 23, ಬುಧವಾರ

ಕೈ ಇಲ್ಲ. ಗಡಿಯಾರಕ್ಕೆ ಅವನು ಕೀಲಿ ಕೊಟ್ಟು ಹೋಗಿದ್ದಾನೆ.

ಏಪ್ರಿಲ್ 30, ಬುಧವಾರ

ಅಂಚೆ ಇಲ್ಲ. ಬಾಮೈದ ಮೂರಕ್ಕೆ ಬಂದ, ಐದಕ್ಕೆ ಹೋದ. ಎರಡು ಗಂಟೆಯಲ್ಲಿ ಒಬ್ಬ ಗಿರಾಕಿಯ ಬೋಳು ತಲೆಯ ಕಥೆ ಮುಗಿಯಲಿಲ್ಲ, ಉಳಿದದ್ದು ನಾಳೆಗಂತೆ.

ಅವಳು ಕೊನೆಯ ವಾರ ಇವನಿಗೂ ಏನೋ ಕೊಡುವುದಿದೆ ಎನ್ನುತ್ತಿದ್ದಳಂತೆ. ಏನೆಂದು ಹೇಳಲಿಲ್ಲವಂತೆ. ಟ್ರಂಕಿನಲ್ಲಿ ಏನಾದರೂ ಇದೆಯಾ ಎಂದು ಕೇಳಿದ. ಅವತ್ತು ಅಷ್ಟು ಆತುರದಿಂದ ಅದನ್ನು ಎಳೆದದ್ದು ಯಾಕೆಂದು ಇವತ್ತು ತಿಳಿಯಿತು. ಇಬ್ಬರೂ ಸೇರಿ ತಳದವರೆಗೆ ನೋಡಿದೆವು. ಅಂಗಿಗಳು ಬಿಟ್ಟು ಬೇರೆ ಇರಲಿಲ್ಲ. ಎಲ್ಲವೂ ನನ್ನ ಅಳತೆ.

ಅವನು ಅವನ್ನು ಮತ್ತೆ ಮಡಚಿಟ್ಟ. ಅವನ ಮಡಿಕೆ ನೇರ ಬರುತ್ತದೆ.

ಮೇ 6, ಮಂಗಳವಾರ

ಸಂಜೆ ಐದೂವರೆ. ತೀರ್ಪು ಬಂತು. ಲಕೋಟೆಯನ್ನು ಹರಿಯದೆ ಇಟ್ಟುಕೊಂಡಿದ್ದೆ, ಮೂರು ಗಂಟೆಗೆ ಅವನು ಬಂದು ಕತ್ತಿಯಿಂದ ಒಪ್ಪವಾಗಿ ಬಿಡಿಸಿದ.

ಒಂಬತ್ತು ಅಂಕ. ಎಂಟು ಬೇಕಿತ್ತು. ಭತ್ಯೆ ಕೊಡುತ್ತಾರೆ. ಕೋಣೆ ಉಳಿಯಿತು, ಯಂತ್ರ ಕಿಟಕಿಯ ಹತ್ತಿರವೇ ಇರುತ್ತದೆ.

ಅವನು ಕುಣಿಯುವುದೊಂದು ಬಾಕಿ. ನಾನು ಒಳಗಿನ ಪುಟ ಓದಿದೆ. "ಬಟ್ಟೆ ಧರಿಸುವುದು: ಉಪಕರಣದ ನೆರವಿನಿಂದ ಸ್ವತಃ ಧರಿಸಬಲ್ಲರು. ಎರಡು ಅಂಕ." ಅವಳು ಹೊದಿಕೆಯ ಕೆಳಗೆ ಹೊಲಿದ ಎಂಬತ್ತೆರಡು ಗುಂಡಿಗೆ ಎರಡು ಅಂಕ. ಹೆಸರಿಲ್ಲ. ನಾನು ಹೇಳಿದ್ದನ್ನು ಬರೆಯುವವನು ಬರೆದುಕೊಂಡಿಲ್ಲ. ಕಾಗದವನ್ನು ಮೇಜಿಗೆ ಎಸೆದೆ. ಇವರಿಗೆ ಒಳ್ಳೆಯದಾಗದಿರಲಿ ಎಂದು ಜೋರಾಗಿಯೇ ಅಂದೆ.

"ಗೆದ್ದೂ ಬೈತಿದೀರಲ್ಲ ಭಾವ."

"ಗೆದ್ದೋರಿಗೆ ಬೈಯೋ ಹಕ್ಕಿಲ್ವಾ?"

"ಇದೆ ಇದೆ. ಬೈರಿ. ನಾನೂ ಸೇರ್ಕೋತೀನಿ." ಇಬ್ಬರೂ ಸೇರಿ ಕಂದು ಕೋಟಿನವನಿಂದ ಶುರು ಮಾಡಿ ಯಜಮಾನರವರೆಗೆ ಬೈದು ಮುಗಿಸಿದೆವು. ಅವನಿಗೆ ಬೈಗುಳ ನನಗಿಂತ ಚೆನ್ನಾಗಿ ಗೊತ್ತು.

ಆಮೇಲೆ ಬಿಳಿ ಅಂಗಿ ತೆಗೆದೆ. ಸೂಜಿ ಹಾಗೇ ಇತ್ತು. ಅವನು ಅದನ್ನು ಮೆಲ್ಲಗೆ ಎಳೆದು ಯಂತ್ರದ ಮೇಲಿನ ಸೂಜಿದಿಂಬಿಗೆ ಚುಚ್ಚಿದ, ದಾರ ಕತ್ತರಿಸಲಿಲ್ಲ.

"ಉಳಿದೆರಡು ಗುಂಡೀನ ಯಾರ ಹತ್ರಾದ್ರೂ ಹಂಗೇ ಮಾಡಿಸ್ಲಾ? ನಮ್ಮ ಬೀದೀಲಿ ಒಬ್ಬಳು ಹೊಲಿತಾಳೆ."

"ಬೇಡ. ಅವಳ ಹೊಲಿಗೆ ಮೇಲೆ ಇನ್ನೊಬ್ಬರದು ಬೇಡ."

"ಮತ್ತೆ ಹೆಂಗ್ ಹಾಕ್ಕೋತೀರಿ?"

ನನಗೆ ಆಗಲ್ಲ ಎಂದೆ. ಅವನು ತಲೆಯಾಡಿಸಿದ.

ನಾಳೆ ಹನ್ನೊಂದು ಗಂಟೆಗೆ ಕಚೇರಿಗೆ ಹೋಗಿ ಚೌಕದೊಳಗೆ ಸಹಿ ಹಾಕಬೇಕು. ಬಿಳಿ ಅಂಗಿ ಹಾಕಿಕೊಂಡು ಹೋಗುತ್ತೇನೆ. ಕೆಳಗಿನ ಎರಡು ಗುಂಡಿ ಹಾಕಲು ಅವನು ಎಂಟಕ್ಕೆ ಬರುತ್ತಾನೆ.